ಆಯ್ಕೆಯಾಗದ ಪ್ರಸ್ತಾವನೆಗೂ ಕಾರಣ ಬರೆದುಕೊಡಿ: ರಾಜ್ಯದ ಸಂಶೋಧನಾ ಅನುದಾನ ಸಮಿತಿಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಕರ್ನಾಟಕದಲ್ಲಿ ಸಂಶೋಧನಾ ಅನುದಾನಕ್ಕೆ ಅರ್ಜಿ ಕರೆಯುವ ಎಲ್ಲ ಸಂಸ್ಥೆಗಳ ಮುಖ್ಯಸ್ಥರು ಮತ್ತು ಅವುಗಳ ತಜ್ಞರ ಸಮಿತಿಗಳ ಸದಸ್ಯರು

ಮಾನ್ಯರೇ,

ಜಿಲ್ಲಾ ಕೇಂದ್ರದಿಂದ ಒಂದೂವರೆ ಗಂಟೆಯ ಬಸ್ ಪ್ರಯಾಣದಷ್ಟು ದೂರವಿರುವ ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರಲ್ಲಿ ನಾನು ರಸಾಯನಶಾಸ್ತ್ರ ಕಲಿಸುತ್ತೇನೆ. ಇಪ್ಪತ್ತೆರಡು ವರ್ಷಗಳ ಸೇವೆಯಲ್ಲಿ ಬೇರೆ ಬೇರೆ ಸಂಸ್ಥೆಗಳು ಕರೆದ ಸಂಶೋಧನಾ ಅನುದಾನಗಳಿಗೆ ನಾಲ್ಕು ಬಾರಿ ಅರ್ಜಿ ಹಾಕಿದ್ದೇನೆ. ಒಮ್ಮೆ ಹಣ ಸಿಕ್ಕಿದೆ, ಮೂರು ಬಾರಿ ಸಿಕ್ಕಿಲ್ಲ. ಎರಡು ಸಲ ಮೇಜಿನ ಆಚೆ ಬದಿಗೂ ಹೋಗಿ, ಬೇರೆಯವರ ಪ್ರಸ್ತಾವನೆಗಳಿಗೆ ಅಂಕ ಹಾಕಿ ಬಂದಿದ್ದೇನೆ. ಎರಡೂ ಕುರ್ಚಿಗಳಲ್ಲಿ ಕುಳಿತ ಮೇಲೆ ನಿಮ್ಮ ಮುಂದಿಡಲು ನನ್ನ ಬಳಿ ಉಳಿದಿರುವುದು ಒಂದೇ ಬೇಡಿಕೆ: ಆಯ್ಕೆಯಾದದ್ದಿರಲಿ, ಆಗದ್ದಿರಲಿ, ಪ್ರತಿಯೊಂದು ಪ್ರಸ್ತಾವನೆಯ ಬಗೆಗಿನ ತೀರ್ಮಾನಕ್ಕೂ ಕಾರಣವನ್ನು ಬರೆದು, ಅದನ್ನು ಅರ್ಜಿದಾರರ ಕೈಗೆ ಕೊಡಿ.

ಇಷ್ಟು ಸಣ್ಣ ಬೇಡಿಕೆಗೆ ಇಷ್ಟುದ್ದದ ಪತ್ರವೇಕೆ ಎಂದು ನಿಮಗೆ ಅನ್ನಿಸಬಹುದು. ನನ್ನ ಮೊದಲನೆಯ ಅರ್ಜಿಯ ಕಥೆಯಿಂದಲೇ ಶುರು ಮಾಡುತ್ತೇನೆ. ಅದನ್ನು ಕರೆದ ಸಂಸ್ಥೆಯ ಹೆಸರು ಇಲ್ಲಿ ಬೇಡ. ಯಾವ ಸಂಸ್ಥೆಯಲ್ಲಾದರೂ ಹೀಗೆಯೇ ಆಗಬಹುದಿತ್ತು.

ನಮ್ಮ ಭಾಗದಲ್ಲಿ ಬೋರ್‌ವೆಲ್ ನೀರಿನ ಫ್ಲೋರೈಡ್ ಎಲ್ಲರಿಗೂ ಗೊತ್ತಿರುವ ವಿಷಯ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಸಹಿಸಿಕೊಳ್ಳಬಹುದು. ಮೊದಲ ಬೆಂಚಿನ ಹುಡುಗರು ನಕ್ಕಾಗ ಹಲ್ಲಿನ ಮೇಲಿನ ಕಂದು ಪಟ್ಟೆ ಕಾಣುವ ಊರುಗಳಲ್ಲಿ ಈ ಮಿತಿಯ ಅರ್ಥ ವಿವರಿಸಬೇಕಾಗಿಲ್ಲ. ಒಂದೇ ಬಾವಿಯ ನೀರಿನಲ್ಲಿ ಮಳೆಗಾಲಕ್ಕೆ ಮುಂಚೆ ಮತ್ತು ಮಳೆಗಾಲದ ನಂತರ ಫ್ಲೋರೈಡ್ ಎಷ್ಟು ಬದಲಾಗುತ್ತದೆ, ಊರಿನ ಶುದ್ಧ ಕುಡಿಯುವ ನೀರಿನ ಘಟಕ ಸೋಸಿ ಹೊರಚೆಲ್ಲುವ ಸಾಂದ್ರ ನೀರು ಹರಿದು ಹೋಗಿ ಇಂಗುವುದೆಲ್ಲಿ, ಅದು ಮತ್ತೆ ಯಾರ ಬಾವಿಗೆ ಸೇರುತ್ತದೆ ಎಂಬುದು ನನ್ನ ಪ್ರಶ್ನೆಯಾಗಿತ್ತು. ಕೇಳಿದ್ದು ನೀರಿನ ಫ್ಲೋರೈಡ್ ಅಳೆಯುವ ಒಂದು ಎಲೆಕ್ಟ್ರೋಡು, ಅದರ ಮೀಟರು, ರಾಸಾಯನಿಕಗಳು, ಒಬ್ಬ ಸಹಾಯಕನ ಸಂಬಳ ಮತ್ತು ಮೋಟಾರ್‌ಸೈಕಲ್ಲಿನ ಪೆಟ್ರೋಲು. ಮೂರು ಕೊಟೇಶನ್ ತರಿಸಿ, ಪ್ರಿನ್ಸಿಪಾಲರ ಸಹಿ ಮತ್ತು ಮೊಹರು ಹಾಕಿಸಿ, ಏಳು ಪ್ರತಿ ಸ್ಪೈರಲ್ ಬೈಂಡ್ ಮಾಡಿಸಿ ಕಳಿಸಿದೆ.

ಬೆಂಗಳೂರಿಗೆ ಕರೆ ಬಂತು. ಪ್ರತಿಯೊಬ್ಬರಿಗೂ ಎಂಟು ನಿಮಿಷ. ನಾನು ಎರಡನೆಯ ಸ್ಲೈಡಿನಲ್ಲಿದ್ದಾಗಲೇ ಬಂದ ಮೊದಲ ಪ್ರಶ್ನೆ, "ನಿಮ್ಮ ಎಚ್-ಇಂಡೆಕ್ಸ್ ಎಷ್ಟು?" ಪ್ರಕಟಿಸಿದ ಪೇಪರುಗಳನ್ನೂ ಅವನ್ನು ಬೇರೆಯವರು ಉಲ್ಲೇಖಿಸಿದ ಸಲಗಳನ್ನೂ ಸೇರಿಸಿ ಲೆಕ್ಕ ಹಾಕುವ ಅಂಕಿ ಅದು. ಹೇಳಿದೆ, ಹೇಳಿಕೊಳ್ಳುವಂಥದ್ದೇನೂ ಆಗಿರಲಿಲ್ಲ. ಎರಡನೆಯ ಪ್ರಶ್ನೆ ನ್ಯಾಯವಾದದ್ದು: "ಫ್ಲೋರೈಡ್ ಮೇಲೆ ಸಾವಿರಾರು ಪೇಪರ್ ಬಂದಿವೆ, ಇದರಲ್ಲಿ ಹೊಸದೇನು?" ಅದಕ್ಕೆ ಉತ್ತರ ಒಂಬತ್ತನೆಯ ಸ್ಲೈಡಿನಲ್ಲಿತ್ತು. ಅಲ್ಲಿಗೆ ತಲುಪುವಷ್ಟರಲ್ಲಿ ಗಂಟೆ ಬಾರಿಸಿತು. ಮೂರು ತಿಂಗಳಾದ ಮೇಲೆ ಆಯ್ಕೆಯಾದವರ ಪಟ್ಟಿಯ ಪಿಡಿಎಫ್ ಬಂತು. ಅದರಲ್ಲಿ ಹೆಸರಿಲ್ಲದಿರುವುದೇ ನಮಗೆ ಸಿಕ್ಕ ಉತ್ತರ.

ಆ ಪ್ರಸ್ತಾವನೆಯನ್ನು ತಿರಸ್ಕರಿಸಿದ್ದು ತಪ್ಪು ಎಂದು ನಾನು ಹೇಳುತ್ತಿಲ್ಲ. ಅದರಲ್ಲಿ ದೊಡ್ಡ ದೋಷವಿತ್ತು ಎಂಬುದು ನನಗೆ ಗೊತ್ತಾದದ್ದು ಎರಡು ವರ್ಷ ಕಳೆದು, ಅಂತರ್ಜಲದಲ್ಲಿ ಕೆಲಸ ಮಾಡಿದ ಗೆಳೆಯರೊಬ್ಬರು ನಮ್ಮ ಮನೆಗೆ ಊಟಕ್ಕೆ ಬಂದಾಗ. ಹಳೆಯ ಬೈಂಡನ್ನು ತಿರುವಿ ಹಾಕಿದ ಅವರು ಹತ್ತು ನಿಮಿಷದಲ್ಲಿ ಕೇಳಿದರು, "ಮೇಷ್ಟ್ರೇ, ಈ ಬಾವಿಗಳ ಕೇಸಿಂಗ್ ಪೈಪು ಎಷ್ಟು ಅಡಿ ಇಳಿದಿದೆ ಅಂತಲೇ ಇಲ್ಲವಲ್ಲ. ನೀರು ಮೇಲಿನ ಪದರದ್ದೋ ಕೆಳಗಿನ ಬಂಡೆಯದ್ದೋ ಗೊತ್ತಿಲ್ಲದೆ ಮಳೆಗೆ ಮುಂಚೆ, ಮಳೆಯ ನಂತರ ಅಂತ ಅಳೆದು ಏನು ಪ್ರಯೋಜನ?" ಈ ಒಂದು ಮಾತನ್ನು ಸಮಿತಿಯಲ್ಲಿದ್ದವರು ಯಾರಾದರೂ ಆಗಲೇ ಗಮನಿಸಿದ್ದಿರಬಹುದು, ಗಮನಿಸದೆಯೂ ಇದ್ದಿರಬಹುದು. ಗಮನಿಸಿ ಬರೆದುಕೊಟ್ಟಿದ್ದರೆ ಮರುವರ್ಷವೇ ಅದನ್ನು ತಿದ್ದಿಕೊಳ್ಳುತ್ತಿದ್ದೆ. ಗಮನಿಸದೆ ಕೇವಲ ಎಚ್-ಇಂಡೆಕ್ಸ್ ನೋಡಿ ಬದಿಗಿಟ್ಟಿದ್ದರೆ, ಸರಿಯಾದ ತೀರ್ಮಾನವನ್ನೇ ತಪ್ಪು ಕಾರಣಕ್ಕಾಗಿ ತೆಗೆದುಕೊಂಡಂತಾಯಿತು. ಇವೆರಡರಲ್ಲಿ ನಡೆದದ್ದು ಯಾವುದು ಎಂದು ತಿಳಿಯುವ ದಾರಿ ಇವತ್ತಿಗೂ ನನಗಿಲ್ಲ.

ಕಾನೂನಿನ ದೃಷ್ಟಿಯಿಂದ ನೋಡಿದರೆ ಇದು ಹೊಸ ಬೇಡಿಕೆಯೂ ಅಲ್ಲ. 2005ರ ಮಾಹಿತಿ ಹಕ್ಕು ಅಧಿನಿಯಮದ 4(1)(ಡಿ) ಪ್ರಕರಣವು, ಸಾರ್ವಜನಿಕ ಪ್ರಾಧಿಕಾರವು ತನ್ನ ಆಡಳಿತಾತ್ಮಕ ತೀರ್ಮಾನಗಳಿಗೆ ಕಾರಣಗಳನ್ನು ಅವುಗಳಿಂದ ಬಾಧಿತರಾದವರಿಗೆ ಒದಗಿಸಬೇಕು ಎನ್ನುತ್ತದೆ. ಯಾರೂ ಅರ್ಜಿ ಹಾಕಿ ಕೇಳದಿದ್ದರೂ ಪ್ರಾಧಿಕಾರವೇ ಮಾಡಬೇಕಾದ ಕೆಲಸಗಳ ಸಾಲಿನಲ್ಲಿ ಇದು ಬರುತ್ತದೆ. ಇನ್ನು, ಪರೀಕ್ಷಾರ್ಥಿಯು ತನ್ನ ಮೌಲ್ಯಮಾಪನಗೊಂಡ ಉತ್ತರ ಪತ್ರಿಕೆಯನ್ನು ನೋಡಬಹುದೆಂದು ಸುಪ್ರೀಂ ಕೋರ್ಟ್ 2011ರಲ್ಲಿ, ಸಿಬಿಎಸ್‌ಇ ಮತ್ತು ಆದಿತ್ಯ ಬಂದೋಪಾಧ್ಯಾಯ ಪ್ರಕರಣದಲ್ಲಿ ಹೇಳಿತು. ಮೌಲ್ಯಮಾಪಕರ ಹೆಸರನ್ನು ಮಾತ್ರ ಬಹಿರಂಗಪಡಿಸಬೇಕಾಗಿಲ್ಲ ಎಂದೂ ಅದೇ ತೀರ್ಪಿನಲ್ಲಿ ಹೇಳಿತು. ನಮ್ಮ ರಾಜ್ಯದ ದ್ವಿತೀಯ ಪಿಯುಸಿ ವಿದ್ಯಾರ್ಥಿನಿಯೊಬ್ಬಳು ಶುಲ್ಕ ಕಟ್ಟಿ ತನ್ನ ಉತ್ತರ ಪತ್ರಿಕೆಯ ಪ್ರತಿ ತರಿಸಿಕೊಂಡು, ನಾಲ್ಕನೆಯ ಪ್ರಶ್ನೆಗೆ ಅರ್ಧ ಅಂಕ ಎಲ್ಲಿ ಹೋಯಿತು ಎಂದು ಕೇಳಬಲ್ಲಳು. ಅವಳಿಗೆ ಪಾಠ ಮಾಡಿದವನು ಎರಡು ತಿಂಗಳು ಕುಳಿತು ಬರೆದ ಪ್ರಸ್ತಾವನೆಗೆ ಎಷ್ಟು ಅಂಕ ಬಂತೆಂದೂ ತಿಳಿಯದೆ ಸುಮ್ಮನಿರಬೇಕು.

ಇನ್ನು ಮೇಜಿನ ಆಚೆ ಬದಿಯ ಮಾತು. ಇದನ್ನು ಬರೆಯುವುದು ಸ್ವಲ್ಪ ಮುಜುಗರದ ಕೆಲಸ.

ನಾನು ಸದಸ್ಯನಾಗಿ ಕುಳಿತ ಒಂದು ಸಭೆಯಲ್ಲಿ ಒಂದೇ ದಿನ ಮೂವತ್ತೆಂಟು ಪ್ರಸ್ತಾವನೆಗಳನ್ನು ನೋಡಬೇಕಿತ್ತು. ಬೆಳಗಿನ ಮೊದಲ ಹತ್ತನ್ನು ಪುಟ ಪುಟವಾಗಿ ಓದಿದೆವು, ಬಜೆಟ್ಟಿನ ಮೇಲೆ ವಾದ ಮಾಡಿದೆವು, ಒಬ್ಬರ ವಿಧಾನದ ಬಗ್ಗೆ ಫೋನಿನಲ್ಲಿ ಬೇರೊಬ್ಬ ತಜ್ಞರನ್ನೂ ಕೇಳಿದೆವು. ಊಟವಾದ ಮೇಲೆ ಒಂದೊಂದಕ್ಕೆ ಆರು ನಿಮಿಷ. ನಾಲ್ಕು ಗಂಟೆಯ ಚಹಾ ಬರುವ ಹೊತ್ತಿಗೆ ನನ್ನ ಕಣ್ಣು ಮೊದಲು ಹುಡುಕುತ್ತಿದ್ದದ್ದು ಅರ್ಜಿದಾರರ ಸಂಸ್ಥೆಯ ಹೆಸರನ್ನು, ಆಮೇಲೆ ಪ್ರಕಟಣೆಗಳ ಪಟ್ಟಿಯ ಉದ್ದವನ್ನು. ಒಂದಕ್ಕೆ 71, ಇನ್ನೊಂದಕ್ಕೆ 68 ಹಾಕಿದೆ. ಕೊನೆಗೆ ಗೆರೆ ಎಳೆದದ್ದು 70ಕ್ಕೆ. ಆ ಮೂರು ಅಂಕಗಳ ಅಂತರವನ್ನು ಯಾರಾದರೂ ವಿವರಿಸು ಎಂದಿದ್ದರೆ ನನ್ನಿಂದ ಆಗುತ್ತಿರಲಿಲ್ಲ. ಯಾರೂ ಕೇಳಲಿಲ್ಲ. ಅಂಕಪಟ್ಟಿಯಲ್ಲಿ 'ಷರಾ' ಎಂಬ ಕಾಲಮ್ಮೊಂದಿತ್ತು. ಅದರಲ್ಲಿ ನಾವೆಲ್ಲ 'ಶಿಫಾರಸು ಮಾಡಿದೆ', 'ಶಿಫಾರಸು ಮಾಡಿಲ್ಲ' ಎಂದಷ್ಟೇ ಬರೆದು ಸಹಿ ಹಾಕಿ, ಪ್ರಯಾಣ ಭತ್ಯೆಯ ಫಾರಂ ತುಂಬಿ ಹೊರಟೆವು. ಮೂರು ವಾಕ್ಯದ ಕಾರಣ ಬರೆಯಲೇಬೇಕು ಎಂಬ ನಿಯಮ ಅಲ್ಲಿ ಇದ್ದಿದ್ದರೆ, ಆ 68ರ ಪ್ರಸ್ತಾವನೆಯನ್ನು ನಾನು ಇನ್ನೊಮ್ಮೆ ತೆರೆಯಲೇಬೇಕಾಗುತ್ತಿತ್ತು. ಆಯ್ಕೆಯಾಗದವರ ಸಮಾಧಾನಕ್ಕಿಂತ ಹೆಚ್ಚಾಗಿ, ಸಮಿತಿಯವರು ಓದುವಂತಾಗಲಿ ಎಂಬುದಕ್ಕೇ ನಾನು ಈ ನಿಯಮವನ್ನು ಕೇಳುತ್ತಿದ್ದೇನೆ.

ಇದು ನನ್ನೊಬ್ಬನ ದೌರ್ಬಲ್ಯವೂ ಅಲ್ಲ, ನಮ್ಮ ರಾಜ್ಯದ್ದೂ ಅಲ್ಲ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಬಂದಿದ್ದ 150 ಪ್ರಸ್ತಾವನೆಗಳನ್ನು ಬೇರೆ ತಜ್ಞರಿಂದ ಮತ್ತೊಮ್ಮೆ ಪರಿಶೀಲಿಸಿ ನೋಡಿದ ಅಧ್ಯಯನವೊಂದು 1981ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಒಂದು ಅರ್ಜಿಯ ಹಣೆಬರಹದಲ್ಲಿ ಸುಮಾರು ಅರ್ಧ ಪಾಲು ಅದರ ಗುಣದಿಂದ ಮತ್ತು ಸಂಶೋಧಕರಿಂದ, ಉಳಿದರ್ಧ ಅದು ಯಾವ ಪರಿಶೀಲಕರ ಕೈಗೆ ಸಿಕ್ಕಿತು ಎಂಬ ಅದೃಷ್ಟದಿಂದ ನಿರ್ಧಾರವಾಗುತ್ತದೆ ಎಂಬುದು ಅದರ ತೀರ್ಮಾನ. ತೀರಾ ಕಳಪೆಯಾದದ್ದನ್ನು ಗುರುತಿಸುವುದು ತಜ್ಞರಿಗೆ ಕಷ್ಟವಲ್ಲ. ಎದ್ದು ಕಾಣುವಂಥದ್ದನ್ನು ಗುರುತಿಸುವುದೂ ಸುಲಭವೇ. ನಡುವಿನ ಗುಂಪಿನಲ್ಲಿ 71 ಮತ್ತು 68ರ ನಡುವೆ ಗೆರೆ ಎಳೆಯುವಾಗ ಮಾತ್ರ, ನಮ್ಮ ಅಳತೆಗೋಲಿನಲ್ಲಿ ಇಲ್ಲದ ಸೂಕ್ಷ್ಮತೆಯನ್ನು ಇದೆಯೆಂದು ತೋರಿಸುತ್ತೇವೆ. ಪ್ರಯೋಗಾಲಯದಲ್ಲಿ ವಿದ್ಯಾರ್ಥಿಯೊಬ್ಬ ದ್ರವ ಅಳೆಯುವ ಬ್ಯೂರೆಟ್ಟಿನ ರೀಡಿಂಗನ್ನು ನಾಲ್ಕು ದಶಮಾಂಶ ಸ್ಥಾನಕ್ಕೆ ಬರೆದರೆ ನಾವು ಬೈಯುವುದಿಲ್ಲವೇ?

ಕಾರಣ ಬರೆಯಲು ಕುಳಿತಾಗ ಈ ಗುಂಪಿಗೆ ಕಾರಣವೇ ಹೊಳೆಯದಿದ್ದರೆ ಆಗೇನು ಮಾಡಬೇಕೆಂದು ನೀವು ಕೇಳಬಹುದು. ಆಗ ಹಾಗೆಯೇ ಬರೆಯಬೇಕು, ಮತ್ತು ಚೀಟಿ ಎತ್ತಬೇಕು. ನಗಬೇಡಿ. ನ್ಯೂಜಿಲೆಂಡಿನ ಆರೋಗ್ಯ ಸಂಶೋಧನಾ ಮಂಡಳಿಯು ತನ್ನ 'ಎಕ್ಸ್‌ಪ್ಲೋರರ್' ಅನುದಾನಗಳಿಗೆ 2013ರಲ್ಲಿ ಹೀಗೆ ಮಾಡತೊಡಗಿತು: ಅರ್ಹತೆಯ ಗೆರೆ ದಾಟಿದವುಗಳನ್ನೆಲ್ಲ ಒಂದೆಡೆ ಇಟ್ಟು ಅವುಗಳಿಂದ ಲಾಟರಿ ತೆಗೆಯಿತು. ಜರ್ಮನಿಯ ಫೋಕ್ಸ್‌ವ್ಯಾಗನ್ ಪ್ರತಿಷ್ಠಾನ ಒಂದು ಯೋಜನೆಯಲ್ಲಿ ಭಾಗಶಃ ಲಾಟರಿಯನ್ನು ಪ್ರಯೋಗಿಸಿ ನೋಡಿತು. ಸ್ವಿಟ್ಜರ್ಲೆಂಡಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವು ಗೆರೆಯ ಹತ್ತಿರ ಸಮಬಲದಲ್ಲಿ ನಿಂತ ಅರ್ಜಿಗಳಿಗೆ ಚೀಟಿ ಎತ್ತುವ ಅವಕಾಶ ಇಟ್ಟುಕೊಂಡಿದೆ. ನಮ್ಮಲ್ಲೂ ಇದು ಅಪರಿಚಿತವಲ್ಲ. ಚುನಾವಣೆಯಲ್ಲಿ ಇಬ್ಬರಿಗೆ ಸಮನಾದ ಮತ ಬಂದರೆ ಚೀಟಿ ಎತ್ತಿ ನಿರ್ಧರಿಸಬೇಕೆಂದು 1951ರ ಪ್ರಜಾಪ್ರತಿನಿಧಿ ಕಾಯ್ದೆಯೇ ಹೇಳುತ್ತದೆ. ಶಾಸಕರನ್ನು ಆರಿಸುವಾಗ ಒಪ್ಪಿಕೊಂಡ ವಿಧಾನ ಎಲೆಕ್ಟ್ರೋಡು ಮಂಜೂರು ಮಾಡುವುದಕ್ಕೆ ಹಗುರವಾಗಿ ಕಾಣಬಾರದು. "ನಿಮ್ಮ ಪ್ರಸ್ತಾವನೆ ಅರ್ಹವಾಗಿತ್ತು, ಹಣವಿದ್ದದ್ದು ಹತ್ತಕ್ಕೆ ಮಾತ್ರ, ಚೀಟಿಯಲ್ಲಿ ನಿಮ್ಮದು ಬರಲಿಲ್ಲ" ಎಂಬ ಪತ್ರ ನನಗೆ ಬಂದಿದ್ದರೆ ಬೇಸರವಾಗುತ್ತಿತ್ತು, ಅವಮಾನವಾಗುತ್ತಿರಲಿಲ್ಲ.

ಅಂಕಗಳನ್ನು ತೆರೆದಿಟ್ಟರೆ ಏನೇನು ಹೊರಬರಬಹುದು ಎಂಬುದಕ್ಕೆ ಸ್ವೀಡನ್ನಿನ ಉದಾಹರಣೆ ಸಾಕು. ಅಲ್ಲಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಫೆಲೋಶಿಪ್‌ಗಳಿಗೆ 1995ರಲ್ಲಿ 114 ಅರ್ಜಿ ಬಂದಿದ್ದವು, 62 ಪುರುಷರದ್ದು, 52 ಮಹಿಳೆಯರದ್ದು. ಸಿಕ್ಕವರು ಇಪ್ಪತ್ತು ಮಂದಿ. ಅವರಲ್ಲಿ ಮಹಿಳೆಯರು ನಾಲ್ವರು. ಕ್ರಿಸ್ಟೀನ್ ವೆನ್ನೆರಾಸ್ ಮತ್ತು ಆಗ್ನೆಸ್ ವೋಲ್ಡ್ ಎಂಬ ಇಬ್ಬರು ವಿಜ್ಞಾನಿಗಳು ಪರಿಶೀಲಕರ ಅಂಕಪಟ್ಟಿಗಳನ್ನು ಕೇಳಿದರು. ಕೊಡಲಾಗದು ಎಂಬ ಉತ್ತರ ಬಂತು. ಅವರು ನ್ಯಾಯಾಲಯಕ್ಕೆ ಹೋದರು, ಇವು ಸಾರ್ವಜನಿಕ ದಾಖಲೆಗಳೆಂದು ತೀರ್ಪಾಯಿತು. ಲೆಕ್ಕ ಹಾಕಿ ನೋಡಿದರೆ, ಪುರುಷ ಅರ್ಜಿದಾರರಿಗೆ ಸಿಕ್ಕಷ್ಟೇ ಅಂಕ ಪಡೆಯಲು ಮಹಿಳೆಯೊಬ್ಬಳು ಸುಮಾರು ಎರಡೂವರೆ ಪಟ್ಟು ಹೆಚ್ಚು ಸಾಧನೆ ಮಾಡಿರಬೇಕಾಗಿತ್ತು. ಸಮಿತಿಯ ಸದಸ್ಯರೊಬ್ಬರ ಪರಿಚಯವಿದ್ದವರಿಗೆ ಹೆಚ್ಚುವರಿ ಲಾಭವೂ ಸಿಗುತ್ತಿತ್ತು. 1997ರಲ್ಲಿ 'ನೇಚರ್' ಪತ್ರಿಕೆ ಇದನ್ನು ಪ್ರಕಟಿಸಿತು. ಆ ಮಂಡಳಿಯಲ್ಲಿದ್ದವರೆಲ್ಲ ಕೆಟ್ಟವರಾಗಿದ್ದರೆಂದು ನಾನು ನಂಬುವುದಿಲ್ಲ. ಬಹುಶಃ ಅವರಿಗೂ ನಾಲ್ಕು ಗಂಟೆಯ ಚಹಾ ಬಂದಿರಬೇಕು.

ಈಗ ನಮ್ಮ ಪ್ರದೇಶದ್ದೇ ಆದ ಪ್ರಶ್ನೆಗಳ ವಿಷಯಕ್ಕೆ ಬರುತ್ತೇನೆ. ಕಾರಣ ಬರೆಯಬೇಕೆಂಬ ನಿಯಮದಿಂದ ರಾಜ್ಯ ಮಟ್ಟದ ಆಯ್ಕೆಗೆ ಅತಿ ಹೆಚ್ಚು ಪ್ರಯೋಜನವಾಗುವುದು ಇಲ್ಲೇ ಎಂಬುದು ನನ್ನ ನಂಬಿಕೆ. 2020-21ರಲ್ಲಿ ನಮ್ಮ ದೇಶ ಸಂಶೋಧನೆ ಮತ್ತು ಅಭಿವೃದ್ಧಿಗೆ ವ್ಯಯಿಸಿದ್ದು ಜಿಡಿಪಿಯ ಶೇ 0.64, ಅದರಲ್ಲಿ ಎಲ್ಲ ರಾಜ್ಯ ಸರ್ಕಾರಗಳೂ ಸೇರಿ ಕೊಟ್ಟದ್ದು ಶೇ 6.7ರಷ್ಟು ಪಾಲು. ಇಷ್ಟು ಕಡಿಮೆ ಹಣವನ್ನು ದಿಲ್ಲಿಯ ಅಳತೆಗೋಲಿನಲ್ಲೇ ಅಳೆದು ಹಂಚುವುದಾದರೆ ರಾಜ್ಯದ ಪ್ರತ್ಯೇಕ ಕರೆ ಏಕಿರಬೇಕು? ಕೇಂದ್ರದಲ್ಲಿ ಈಗ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನವಿದೆ, 2023ರ ಕಾಯ್ದೆಯಿಂದ ಬಂದದ್ದು. ಅದರ 'ಪೇರ್' ಯೋಜನೆಯಲ್ಲಿ ಶ್ರೇಯಾಂಕದಲ್ಲಿ ಮೇಲಿರುವ ಸಂಸ್ಥೆಗಳು ಚಕ್ರದ ನಡುವಿನ ಗುಂಬವಾಗಿ, ರಾಜ್ಯ ವಿಶ್ವವಿದ್ಯಾಲಯಗಳಂಥವು ಅದರಿಂದ ಹೊರಡುವ ಅರೆಕಾಲುಗಳಾಗಿ ಸೇರಿಕೊಳ್ಳುತ್ತವೆ. ಅದಕ್ಕೆ ಅದರದೇ ಸಮರ್ಥನೆಯಿದೆ. ಆದರೆ ಅರೆಕಾಲಿನ ತುದಿಯಲ್ಲಿರುವ ಕಾಲೇಜಿಗೆ ತನ್ನದೇ ಪ್ರಶ್ನೆಯಿದ್ದರೆ ಅದು ಹೋಗಬೇಕಾದ ಬಾಗಿಲು ರಾಜ್ಯದ್ದು.

ಮೈಸೂರು ಸಂಸ್ಥಾನಕ್ಕೆ ಇದು ತಿಳಿದಿತ್ತು. ಮಲೆನಾಡಿನ ಅಡಿಕೆ ತೋಟಗಳನ್ನು ಮಳೆಗಾಲದಲ್ಲಿ ಹಾಳುಮಾಡುತ್ತಿದ್ದ ಕೊಳೆರೋಗದ ಬೆನ್ನುಹತ್ತಿದ ಲೆಸ್ಲಿ ಕೋಲ್ಮನ್ ಕೆನಡಾದವರು. 1908ರಲ್ಲಿ ಸಂಸ್ಥಾನದ ಕೃಷಿ ವಿಜ್ಞಾನಿಯಾಗಿ ಬಂದವರು. ಪ್ರಶ್ನೆ ಎದ್ದದ್ದು ತೋಟದಲ್ಲಿ, ಸಂಬಳ ಬಂದದ್ದು ಸಂಸ್ಥಾನದ ಖಜಾನೆಯಿಂದ, ರೋಗಾಣುವಿಗೆ ಕೊಟ್ಟ ಹೆಸರು ಮಾತ್ರ ಪ್ರಪಂಚದ ಸಸ್ಯರೋಗ ಶಾಸ್ತ್ರಕ್ಕೆ ಸೇರಿತು. ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಇವತ್ತಿಗೂ ಜೂನ್ ಹೊತ್ತಿಗೆ ಕೊನೆಗಾರರು ಮರ ಹತ್ತಿ ಸಿಂಪಡಿಸುತ್ತಾರೆ. ಅದೇ ತೋಟಗಳಿಗೆ ಈಗ ಎಲೆಚುಕ್ಕಿ ರೋಗ ಬಂದು ಕುಳಿತಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಪ್ರತಿ ಬೇಸಿಗೆಗೂ ಮುಂಚೆ ಹಳ್ಳಿಗಳನ್ನು ಹೆದರಿಸುತ್ತದೆ. ಇಂಥ ಪ್ರಶ್ನೆಗಳನ್ನು 'ಸ್ಥಳೀಯ ಮಹತ್ವದ್ದು' ಎಂದು ಕರೆದು, ಅದೇ ಕಾರಣಕ್ಕೆ ಅಂಕ ಕಳೆಯುವ ಅಭ್ಯಾಸವನ್ನು ನಾನು ಸಭೆಯಲ್ಲಿ ಕಣ್ಣಾರೆ ಕಂಡಿದ್ದೇನೆ. ಕಾರಣ ಬರೆಯಬೇಕಾಗಿದ್ದರೆ, ರಾಜ್ಯದ ಹಣದಿಂದ ನಡೆಯುವ ಕರೆಯಲ್ಲಿ 'ವಿಷಯ ತೀರಾ ಸ್ಥಳೀಯ' ಎಂದು ಬರೆದು ಸಹಿ ಹಾಕುವ ಧೈರ್ಯ ಯಾರಿಗೂ ಬರುತ್ತಿರಲಿಲ್ಲ.

ಯಾವ ಹಣಕ್ಕೆ ಯಾವ ಕಾರಣ ಎಂಬುದೂ ಸ್ಪಷ್ಟವಾಗಬೇಕು. ರಾಜ್ಯ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ದಾರ್ಶನಿಕ ಗುಂಪಿನ ಯೋಜನೆಗಳಲ್ಲಿ ಕಾಲೇಜಿನ ಪ್ರಯೋಗಾಲಯ ಬಲಪಡಿಸುವುದಕ್ಕೊಂದು, ಯುವ ವಿಜ್ಞಾನಿಗಳಿಗೆ ಬೀಜಧನ ಕೊಡುವುದಕ್ಕೊಂದು, ಉತ್ಕೃಷ್ಟತಾ ಕೇಂದ್ರಗಳಿಗೊಂದು ಎಂದು ಬೇರೆ ಬೇರೆ ದಾರಿಗಳಿವೆ. ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ನಾಲ್ಕು ದಶಕಗಳಿಗೂ ಹೆಚ್ಚು ಕಾಲದಿಂದ ವಿದ್ಯಾರ್ಥಿಗಳ ಪ್ರಾಜೆಕ್ಟುಗಳಿಗೆ ಸಣ್ಣ ಮೊತ್ತಗಳನ್ನು ಕೊಡುತ್ತಿದೆ. ಈ ವಿಂಗಡಣೆ ಒಳ್ಳೆಯದು. ಉಪಕರಣಕ್ಕೆ ಹಣ ಕೇಳುವವರನ್ನು, ಅದು ಕೆಟ್ಟರೆ ಮೂರನೆಯ ವರ್ಷ ರಿಪೇರಿ ಯಾರ ಖರ್ಚು ಎಂದು ಕೇಳಬೇಕು. ಬೀಜಧನ ಕೇಳುವ ಮೂವತ್ತರ ಹುಡುಗಿಯನ್ನು, ನಿನ್ನ ಪ್ರಶ್ನೆ ಯಾವುದು ಎಂದು ಕೇಳಬೇಕು. ಎಚ್-ಇಂಡೆಕ್ಸ್ ಇವೆರಡಕ್ಕೂ ಉತ್ತರವಲ್ಲ. ಜರ್ಮನಿಯ ಸಂಶೋಧನಾ ಪ್ರತಿಷ್ಠಾನ 2010ರಲ್ಲೇ ಅರ್ಜಿದಾರರು ತಮ್ಮ ಪರಿಚಯಪತ್ರದಲ್ಲಿ ಐದಕ್ಕಿಂತ ಹೆಚ್ಚು ಪ್ರಕಟಣೆಗಳನ್ನು ತೋರಿಸಬಾರದು ಎಂದು ಮಿತಿ ಹಾಕಿತು. ಪಟ್ಟಿ ಗಿಡ್ಡವಾದರೆ ಪ್ರಶ್ನೆಯನ್ನು ಓದಲು ಪುರುಸೊತ್ತು ಸಿಗುತ್ತದೆ.

ಆಕ್ಷೇಪಗಳು ನನಗೆ ಗೊತ್ತಿವೆ. ನೂರಾರು ಅರ್ಜಿಗಳಿಗೆ ಕಾರಣ ಬರೆಯುವ ಸಮಯ ಯಾರಿಗಿದೆ ಎಂಬುದು ಮೊದಲನೆಯದು. ಅರ್ಜಿ ಬರೆಯುವವರ ಸಮಯವನ್ನೂ ಇದರ ಜೊತೆ ತೂಗಿ ನೋಡಿ. ಆಸ್ಟ್ರೇಲಿಯಾದ ಆರೋಗ್ಯ ಮತ್ತು ವೈದ್ಯಕೀಯ ಸಂಶೋಧನಾ ಮಂಡಳಿಗೆ 2012ರಲ್ಲಿ ಬಂದ 3,727 ಪ್ರಸ್ತಾವನೆಗಳನ್ನು ಬರೆಯಲು ಸಂಶೋಧಕರು ಒಟ್ಟು ಸುಮಾರು 550 ವರ್ಷಗಳಷ್ಟು ದುಡಿಮೆಯನ್ನು ವ್ಯಯಿಸಿದ್ದರೆಂದು ಲೆಕ್ಕ ಹಾಕಲಾಗಿದೆ. ಹಣ ಸಿಕ್ಕಿದ್ದು ಐದರಲ್ಲಿ ಒಂದಕ್ಕೆ. ಮೊದಲ ಸುತ್ತಿಗೆ ಎರಡು ಪುಟದ ಸಾರಾಂಶವನ್ನಷ್ಟೇ ಕೇಳಿ, ಕೊಟೇಶನ್ನು, ಮೊಹರುಗಳೆಲ್ಲ ಎರಡನೆಯ ಸುತ್ತಿಗೆ ಇರಲಿ ಎಂದರೆ ಎರಡೂ ಕಡೆಯವರ ಸಮಯ ಉಳಿಯುತ್ತದೆ, ಆ ಉಳಿತಾಯದಲ್ಲಿ ಮೂರು ವಾಕ್ಯ ಬರೆಯಬಹುದು. ಆ ಎರಡು ಪುಟದಲ್ಲಿ ಒಂದು ಪುಟ ಕನ್ನಡದಲ್ಲಿರಲಿ ಎಂಬುದು ನನ್ನ ಸಣ್ಣ ಆಸೆ. 1963ರಿಂದ ಕನ್ನಡವನ್ನು ಆಡಳಿತ ಭಾಷೆಯನ್ನಾಗಿ ಹೊಂದಿರುವ ರಾಜ್ಯದಲ್ಲಿ ಇದು ಅತಿಯಾಸೆಯಾಗಲಾರದು, ಮೇಲಾಗಿ ತನ್ನ ಪ್ರಶ್ನೆಯನ್ನು ಕನ್ನಡದಲ್ಲಿ ಬರೆಯಲಾಗದವನಿಗೆ ಅದು ಇಂಗ್ಲಿಷಿನಲ್ಲೂ ಪೂರ್ತಿ ತಿಳಿದಿರುವುದು ಅನುಮಾನ.

ಕಾರಣ ಕೊಟ್ಟರೆ ಎಲ್ಲರೂ ಕೋರ್ಟಿಗೆ ಹೋಗುತ್ತಾರೆ, ತಜ್ಞರು ಸಮಿತಿಗೆ ಬರಲು ಹಿಂಜರಿಯುತ್ತಾರೆ ಎಂಬುದು ಇನ್ನೊಂದು ಭಯ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ಅರ್ಜಿದಾರರಿಗೆ ಪರಿಶೀಲಕರ ಟಿಪ್ಪಣಿಗಳ ವರದಿಯನ್ನು ವಾಡಿಕೆಯಾಗಿಯೇ ಕೊಡುತ್ತವೆ. ಯಾವ ಟಿಪ್ಪಣಿ ಯಾರದ್ದು ಎಂದು ಅದರಲ್ಲಿ ಹೇಳುವುದಿಲ್ಲ, ಅಷ್ಟೇ. ಹೆಸರು ಮುಚ್ಚಿ ಕಾರಣ ತೆರೆಯಲು ನಮ್ಮ ಸುಪ್ರೀಂ ಕೋರ್ಟೂ ದಾರಿ ತೋರಿಸಿದೆಯೆಂದು ಆಗಲೇ ಹೇಳಿದೆ.

ಇನ್ನೊಂದೇ ಮಾತು, ಕ್ಯಾಲೆಂಡರಿನದು. ಹಣಕಾಸು ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ, ಮುಂಗಾರು ಜೂನಿನಲ್ಲಿ ಬರುತ್ತದೆ. ಆಯ್ಕೆ ತಡವಾಗಿ ಜನವರಿಯಲ್ಲಿ ಮಂಜೂರಾತಿ ಬಂದರೆ, ಮಳೆಯನ್ನು ನಂಬಿದ ಪ್ರಾಜೆಕ್ಟಿನವರು ಮಾರ್ಚ್ ಒಳಗೆ ಬಳಕೆ ಪ್ರಮಾಣಪತ್ರ ಕೊಡುವುದಕ್ಕಾಗಿ ಬೇಕಾದದ್ದು ಬೇಡವಾದದ್ದು ಎಲ್ಲ ಕೊಂಡು, ಜೂನಿನಲ್ಲಿ ಪೆಟ್ರೋಲಿಗೆ ಹಣವಿಲ್ಲದೆ ಕುಳಿತಿರುತ್ತಾರೆ. ನನಗೆ ಸಿಕ್ಕ ಒಂದೇ ಅನುದಾನದಲ್ಲಿ ಹೀಗೆಯೇ ಆಯಿತು. ಯಾವ ಪ್ರಸ್ತಾವನೆಗೆ ಹಣ ಯಾವ ತಿಂಗಳಲ್ಲಿ ಬೇಕು ಎಂಬುದನ್ನೂ ಆಯ್ಕೆಯ ಕಾರಣಪತ್ರದಲ್ಲಿ ಒಂದು ಸಾಲಿನಲ್ಲಿ ದಾಖಲಿಸುವಂತೆ ಕೋರುತ್ತೇನೆ.

ನಿಮ್ಮ ಮುಂದಿನ ಕರೆಗೆ ನಾನೂ ಅರ್ಜಿ ಹಾಕುವವನಿದ್ದೇನೆ, ಅದೇ ಫ್ಲೋರೈಡಿನ ಪ್ರಶ್ನೆಯೊಂದಿಗೆ. ಈ ಸಲ 41 ಬಾವಿಗಳ ಕೇಸಿಂಗ್ ಎಷ್ಟು ಅಡಿ ಎಂಬುದನ್ನು ಬೋರ್ ಲಾರಿಯ ಮಾಲೀಕರೊಬ್ಬರ ಹಳೆಯ ಬಿಲ್ ಪುಸ್ತಕಗಳಿಂದ ಬರೆದುಕೊಂಡಿದ್ದೇನೆ. ಮೂರು ಭಾನುವಾರ ಹಿಡಿಯಿತು, ಕೆಲವು ಪುಟಗಳಲ್ಲಿ ಗೆದ್ದಲು ಅಂಕಿಗಳನ್ನು ತಿಂದುಹಾಕಿತ್ತು. ಅವು ಯಾವ ಪುಟಗಳು ಎಂಬುದನ್ನೂ ಅರ್ಜಿಯಲ್ಲಿ ನಮೂದಿಸಿದ್ದೇನೆ. ಸಮಿತಿಯವರು ಅದನ್ನು ಸಾಕಾಗದು ಎನ್ನಬಹುದು. ಹಾಗಿದ್ದರೆ, ಎಷ್ಟು ಬಾವಿಗಳಾಗಿದ್ದರೆ ಸಾಕಾಗುತ್ತಿತ್ತು ಎಂದು ಬರೆದು ತಿಳಿಸಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ,
ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರ ರಸಾಯನಶಾಸ್ತ್ರ ಅಧ್ಯಾಪಕ